ಗೇಟಿನ ಒಳಗಿನ ಹರಾಜು ಬೇರೆ, ಗೇಟಿನ ಹೊರಗಿನ ವ್ಯಾಪಾರ ಬೇರೆ ಕಣ್ರೀ

ಸಂಪಾದಕರಿಗೆ ನಮಸ್ಕಾರ,

ಹೋದ ಭಾನುವಾರ ನಿಮ್ಮ ಪೇಪರ್‌ನಲ್ಲಿ ಮಕ್ಕಳು ಮೊಬೈಲ್ ಗೇಮ್‌ನಲ್ಲಿ ದುಡ್ಡು ಕಳ್ಕೊಳ್ಳೋದರ ಬಗ್ಗೆ ಅರ್ಧ ಪುಟ ಬಂದಿತ್ತಲ್ಲ, ಅದನ್ನ ನಮ್ಮಪ್ಪ ಜಗಲಿ ಮೇಲೆ ಕೂತ್ಕೊಂಡು ಜೋರಾಗಿ ಓದಿ ಮುಗಿಸಿ, ಕನ್ನಡಕ ತೆಗ್ದು ನನ್ನ ಕಡೆ ನೋಡಿ "ಏನ್ಲಾ, ಆಟದೊಳ್ಗೂ ಹರಾಜು ನಡೀತದಂತೆ, ಅದು ಜೂಜಂತೆ, ಹಂಗಾರೆ ನಾವು ರಾಮನಾಥಪುರದಲ್ಲಿ ಮಾಡದೇನ್ಲಾ" ಅಂದ್ರು. ರಾಮನಾಥಪುರ ಅಂದ್ರೆ ನಮ್ಮ ಹೊಗೆಸೊಪ್ಪು ಹರಾಜಾಗೋ ಜಾಗ. ಮೊದಲು ನಗು ಬಂತು. ಆಮೇಲೆ ಯೋಚ್ನೆ ಮಾಡಿದ್ರೆ ಅರ್ಧ ಪುಟ ಬರೆದೋರಿಗಿಂತ ನಮ್ಮಪ್ಪನೇ ಸರಿಯಾದ ಪ್ರಶ್ನೆ ಕೇಳಿದ್ರು ಅನ್ನಿಸ್ತು, ಅದಕ್ಕೇ ಈ ಪತ್ರ. ಉದ್ದ ಆಗುತ್ತೆ, ಜಾಗ ಇಲ್ಲ ಅಂತ ಕತ್ತರಿಸೋದಾದ್ರೆ ಎಲ್ಲಿ ಬೇಕಾದ್ರೂ ಕತ್ತರಿಸಿ, ನಮ್ಮ ಅಕ್ಕನ ಮಗನ ವಿಷಯ ಮಾತ್ರ ಬಿಡ್ಬೇಡಿ.

ಆ ಬರಹದಲ್ಲಿ ರಮ್ಮಿ, ಬೆಟ್ಟಿಂಗ್ ಆಪು, ಗೇಮ್ ಒಳಗೆ ಪೆಟ್ಟಿಗೆ ಒಡೆದು ಅದೃಷ್ಟ ನೋಡೋದು, ಆಟಗಾರರು ಒಬ್ರಿಗೊಬ್ರು ಕತ್ತಿ ಗುರಾಣಿ ಮಾರ್ಕೊಳ್ಳೋದು ಎಲ್ಲಾನೂ ಒಂದೇ ಗೋಣಿಚೀಲಕ್ಕೆ ತುಂಬಿ ಬಾಯಿ ಹೊಲ್ದುಬಿಟ್ಟಿದ್ದಾರೆ. ದುಡ್ಡಿಟ್ಟು ಆಡೋ ರಮ್ಮಿ ವಿಷಯ ಬಿಡಿ, 2025ರ ಆಗಸ್ಟ್‌ನಲ್ಲಿ ಪಾರ್ಲಿಮೆಂಟ್‌ನಲ್ಲಿ ಆನ್‌ಲೈನ್ ಗೇಮಿಂಗ್ ಕಾಯ್ದೆ ಪಾಸಾಯ್ತು, ದುಡ್ಡು ಕಟ್ಟಿ ದುಡ್ಡು ಗೆಲ್ಲೋ ಆಟಕ್ಕೆ ಅದರಲ್ಲಿ ನಿಷೇಧ ಇದೆ, ಒಳ್ಳೇದೇ ಆಯ್ತು. ಪೆಟ್ಟಿಗೆ ಒಡೆಯೋದು ಲಾಟರಿ ಥರಾನೇ, ಅದನ್ನೂ ಒಪ್ತೀನಿ, ಬೆಲ್ಜಿಯಂನವರು 2018ರಲ್ಲೇ ಇದು ಜೂಜು ಅಂತ ಹೇಳಿಬಿಟ್ರು, ನಮ್ಮ ರಾಜ್ಯದಲ್ಲಿ ಕಾಗದದ ಲಾಟರಿ ನಿಲ್ಲಿಸಿ ಎಷ್ಟೋ ವರ್ಷ ಆದ್ಮೇಲೆ ಅದೇ ಲಾಟರಿ ಮೊಬೈಲ್ ಒಳಗೆ ಬಣ್ಣ ಬಳ್ಕೊಂಡು ಕೂತಿದೆ ಅಂದ್ರೆ ಕೋಪ ಬರೋದು ನ್ಯಾಯಾನೇ. ಆದ್ರೆ ಹರಾಜು, ವ್ಯಾಪಾರ, ವಿನಿಮಯ ಹಂಗಲ್ಲ. ಅಲ್ಲಿ ನೀವು ಏನು ಕೊಡ್ತೀರ ಏನು ತಗೋತೀರ ಅಂತ ಕಣ್ಣಿಗೆ ಕಾಣುತ್ತೆ. ನಾನು ಇಪ್ಪತ್ತು ವರ್ಷದ ಹತ್ರ ಹತ್ರ ಇದನ್ನ ನೋಡ್ಕೊಂಡು ಬಂದೋನು, ಆಡ್ಕೊಂಡು ಮೋಸ ಹೋಗ್ಕೊಂಡೂ ಬಂದೋನು, ಹಂಗಾಗಿ ಸ್ವಲ್ಪ ಮಾತಾಡ್ಬಹುದು ಅನ್ಕೊಂಡಿದೀನಿ.

2007ರಲ್ಲಿ ನಾನು ಹಾಸನದಲ್ಲಿ ಓದ್ತಿದ್ದೆ. ಸಾಲಗಾಮೆ ರಸ್ತೆಯಲ್ಲಿ ಒಂದು ಸೈಬರ್ ಸೆಂಟರ್, ಗಂಟೆಗೆ ಹದಿನೈದು ರೂಪಾಯಿ, ಆರೇ ಕಂಪ್ಯೂಟರ್, ಅದರಲ್ಲಿ ಎರಡಕ್ಕೆ ಮೌಸ್ ಸರಿ ಇರ್ತಿರ್ಲಿಲ್ಲ. ಅಲ್ಲಿ ರೂನ್‌ಸ್ಕೇಪ್ ಅನ್ನೋ ಗೇಮ್ ಆಡ್ತಿದ್ವಿ, ಏನೂ ಇನ್‌ಸ್ಟಾಲ್ ಮಾಡ್ಬೇಕಿರ್ಲಿಲ್ಲ, ಬ್ರೌಸರ್‌ನಲ್ಲೇ ಓಡ್ತಿತ್ತು, ಅದಕ್ಕೇ ಸೈಬರ್‌ನಲ್ಲಿ ಆಡಕ್ಕಾಗ್ತಿತ್ತು. ಆ ಗೇಮ್ ಒಳಗೆ ನಾನು ಮೀನುಗಾರ. ಪೋರ್ಟ್ ಸರಿಮ್ ಅನ್ನೋ ಊರಿಂದ ಮೂವತ್ತು ಕಾಸು ಕೊಟ್ಟು ಹಡಗು ಹತ್ತಿ ಕರಮ್ಜಾ ದ್ವೀಪಕ್ಕೆ ಹೋಗಿ ಲಾಬ್‌ಸ್ಟರ್ ಹಿಡ್ಕೊಂಡು ಬಂದು ಮಾರೋದು. ಮಾರೋದು ಅಂದ್ರೆ ಹೆಂಗೆ ಗೊತ್ತಾ, ವ್ಯಾರಾಕ್ ಅನ್ನೋ ಊರಿನ ಬ್ಯಾಂಕ್ ಮುಂದೆ ನಿಂತ್ಕೊಂಡು "ಲಾಬ್‌ಸ್ಟರ್ ಇದೆ, ಲಾಬ್‌ಸ್ಟರ್ ಇದೆ" ಅಂತ ಟೈಪ್ ಮಾಡ್ತಾನೇ ಇರ್ಬೇಕು, ಸುತ್ತ ನೂರಾರು ಜನ ಅವರವರ ಮಾಲು ಕೂಗ್ತಿರ್ತಾರೆ, ಪರದೆ ತುಂಬಾ ಹಳದಿ ಅಕ್ಷರ, ಥೇಟ್ ಕಟ್ಟಿನಕೆರೆ ಮಾರ್ಕೆಟ್‌ನಲ್ಲಿ ಬೆಳಗ್ಗೆ ಹೊತ್ತು ಸೊಪ್ಪು ಮಾರೋರು ಕೂಗಿದ ಹಂಗೆ. ಒಂದು ಗಂಟೆ ಮೀನು ಹಿಡಿಯಕ್ಕೆ, ಇನ್ನೊಂದು ಗಂಟೆ ಮಾರಕ್ಕೆ. ಎರಡಕ್ಕೂ ಹದಿನೈದು ಹದಿನೈದು ರೂಪಾಯಿ ಸೈಬರ್‌ನವನಿಗೆ.

ಅಲ್ಲೇ ನಾನು ಮೊದಲನೇ ಸಲ ಟೋಪಿ ಹಾಕಿಸ್ಕೊಂಡಿದ್ದು. ಎರಡು ವಾರ ಹಿಡಿದ ಲಾಬ್‌ಸ್ಟರ್ ಕಾಸೆಲ್ಲ ಕೂಡಿಟ್ಟು ರೂನ್ ಕತ್ತಿ ತಗೊಳ್ಳಕ್ಕೆ ಹೋದೆ. ಅದು ತಿಳಿನೀಲಿ ಬಣ್ಣ. ಒಬ್ಬ ತೋರ್ಸಿದ, ನಾನು ಕಾಸು ಇಟ್ಟೆ, ಕೊನೇ ಕ್ಷಣದಲ್ಲಿ ಅವನು ಆ ಕತ್ತಿ ಎತ್ತಿ ಅದರ ಜಾಗಕ್ಕೆ ಅದಕ್ಕಿಂತ ಅಗ್ಗದ ಅಡಮೆಂಟ್ ಕತ್ತಿ ಇಟ್ಬಿಟ್ಟ, ಅದು ಹಸಿರು, ಆಕಾರ ಒಂದೇ, ನಮ್ಮ ಸೈಬರ್ ಮಾನಿಟರ್‌ನಲ್ಲಿ ನೀಲಿ ಹಸಿರು ಎರಡೂ ಒಂದೇ ಥರ ಕಾಣೋದು. ಇಂಥದ್ದಕ್ಕೆ ಅಂತಾನೇ ಗೇಮ್‌ನಲ್ಲಿ ಎರಡನೇ ಕಿಟಕಿ ಒಂದು ಬರುತ್ತೆ, ನೀನು ಕೊಡೋದಿದು, ನಿಂಗೆ ಸಿಗೋದಿದು, ಒಪ್ಪಿಗೇನಾ ಅಂತ ಅಕ್ಷರದಲ್ಲಿ ಕೇಳುತ್ತೆ. ಓದ್ಲಿಲ್ಲ, ಒತ್ತಿದೆ. ತಪ್ಪು ನಂದೇ. ಅವತ್ತು ಹಾಸ್ಟೆಲ್‌ಗೆ ಹೋಗಿ ಊಟ ಮಾಡ್ಲಿಲ್ಲ, ಯಾಕೋ ಅಂತ ಕೇಳಿದ ಫ್ರೆಂಡ್‌ಗೆ ಹೊಟ್ಟೆನೋವು ಅಂದೆ. ಗೇಮ್‌ನ ಅದೇ ಊರಲ್ಲಿ ಇನ್ನೊಂದು ಜಾತಿ ಕಳ್ಳರು, "ನಿನ್ನ ಕವಚಕ್ಕೆ ಫ್ರೀಯಾಗಿ ಚಿನ್ನದ ಅಂಚು ಕಟ್ಟಿಕೊಡ್ತೀನಿ ಕೊಡು" ಅಂತ ಇಸ್ಕೊಂಡು ಮಾಯ ಆಗೋರು. ಚಿನ್ನ ಪಾಲಿಶ್ ಮಾಡ್ಕೊಡ್ತೀನಿ ಅಂತ ಮನೆ ಬಾಗಿಲಿಗೆ ಬರೋರನ್ನ ನೋಡಿದೀರಲ್ಲ, ಅವರೇ.

ಅದೇ ವರ್ಷ ನವೆಂಬರ್‌ನಲ್ಲಿ ಆ ಗೇಮ್‌ನವರು ವ್ಯಾರಾಕ್ ಪಕ್ಕದಲ್ಲಿ ಗ್ರ್ಯಾಂಡ್ ಎಕ್ಸ್‌ಚೇಂಜ್ ಅಂತ ದೊಡ್ಡ ಮಂಡಿ ಕಟ್ಟಿದ್ರು. ನೀವು ಹೋಗಿ ಮಾಲು ಒಪ್ಪಿಸಿ ರೇಟ್ ಹೇಳಿ ಬರೋದು, ಕೊಳ್ಳೋನು ಇನ್ನೊಂದು ಕಡೆ ಕಾಸು ಇಟ್ಟಿರ್ತಾನೆ, ಎರಡೂ ತಾಳೆ ಆದ ತಕ್ಷಣ ನಿಮ್ಮ ಮಾಲು ಅವನಿಗೆ, ಅವನ ಕಾಸು ನಿಮಗೆ. ಅವನ್ಯಾರೋ ನೀವ್ಯಾರೋ ಮುಖ ನೋಡೋ ಹಂಗೇ ಇಲ್ಲ. ನೀವು ಸೈಬರ್‌ನಿಂದ ಎದ್ದು ಹೋಗಿ ಪರೀಕ್ಷೆ ಬರ್ಕೊಂಡು ಬಂದ್ರೂ ಮಾಲು ಮಾರಾಟ ಆಗಿರುತ್ತೆ. ಮಾಲು ಮಧ್ಯದಲ್ಲಿ ಮಂಡಿಯವನ ಕೈಲಿರೋದ್ರಿಂದ ಕತ್ತಿ ಬದಲಾಯಿಸೋ ಆಟ ಅಲ್ಲಿಗೆ ಖತಂ. ಎಷ್ಟಕ್ಕೆ ಮಾರಾಟ ಆಗ್ತಿದೆ ಅಂತ ರೇಟು ಎಲ್ರಿಗೂ ಕಾಣೋದು, ಹೊಸಬನಿಗೆ ಡಬಲ್ ರೇಟ್ ಹೇಳಕ್ಕೆ ಆಗ್ತಿರ್ಲಿಲ್ಲ. ನಿಜ ಹೇಳ್ಬೇಕು ಅಂದ್ರೆ ಮೊದಲ ವಾರ ನನಗೆ ಬೇಜಾರಾಗಿತ್ತು, ಆ ಕೂಗಾಟ ಚೌಕಾಸಿ ಎಲ್ಲ ಹೋಗಿ ಬ್ಯಾಂಕ್ ಮುಂದೆ ಬಿಕೋ ಅನ್ನೋದು. ಆಮೇಲೆ ಅಭ್ಯಾಸ ಆಯ್ತು.

ಈಗ ನಮ್ಮಪ್ಪನ ಪ್ರಶ್ನೆಗೆ ಬರ್ತೀನಿ. ನಮ್ದು ಅರಕಲಗೂಡು ತಾಲೂಕು, ಹೊಗೆಸೊಪ್ಪಿನ ಬೆಳೆ, ರಾಮನಾಥಪುರದಲ್ಲಿ ತಂಬಾಕು ಮಂಡಳಿ ಹರಾಜು ಮಾರ್ಕೆಟ್ ಇದೆ. (ಹೊಗೆಸೊಪ್ಪು ಒಳ್ಳೇದಾ ಕೆಟ್ಟದಾ ಅನ್ನೋ ಪತ್ರ ಇನ್ನೊಂದು ದಿನ ಬರೀತೀನಿ, ಅದಕ್ಕೂ ನನ್ನ ಹತ್ರ ಮಾತಿದೆ.) ಬೇಲ್‌ಗಳನ್ನ, ಅಂದ್ರೆ ಸೊಪ್ಪಿನ ಮೂಟೆಗಳನ್ನ, ಸಾಲಾಗಿ ಇಡ್ತಾರೆ, ಕಂಪನಿ ಬಯ್ಯರ್‌ಗಳು ಬಂದು ಒಂದು ಹಿಡಿ ಸೊಪ್ಪು ಎಳ್ದು ಬೆಳಕಿಗೆ ಹಿಡಿದು ಬಣ್ಣ ನೋಡಿ, ಬೆರಳಲ್ಲಿ ಉಜ್ಜಿ, ಮೂಸಿ ನೋಡ್ತಾರೆ, ಮೊದಲೆಲ್ಲ ಬಿಡ್ ಕೂಗ್ತಿದ್ರು, ಈಗ ಕೈಲಿ ಮಿಷಿನ್ ಇರುತ್ತೆ ಅದರಲ್ಲೇ ಒತ್ತುತಾರೆ. ರೇಟು ಹಿಡಿಸ್ಲಿಲ್ಲ ಅಂದ್ರೆ ಕೊಡಲ್ಲ ಅಂತ ಬೇಲ್ ವಾಪಸ್ ತಗೊಂಡು ಬರಬಹುದು, ನಮ್ಮಪ್ಪ ಅದನ್ನ ಬೇಕಾದಷ್ಟು ಸಲ ಮಾಡಿದ್ದಾರೆ, ಮೂರು ದಿನ ಮನೇಲಿ ಬೈಕೊಂಡು ಮತ್ತೆ ತಗೊಂಡು ಹೋಗಿ ಅದಕ್ಕಿಂತ ಕಮ್ಮಿಗೆ ಕೊಟ್ಟು ಬಂದಿರೋದೂ ಉಂಟು. ದುಡ್ಡು ಬ್ಯಾಂಕಿಗೆ ಬೀಳುತ್ತೆ. ಇದು ಗೇಟಿನ ಒಳಗಿನದು. ಗೇಟಿನ ಹೊರಗೆ ಇನ್ನೊಂದು ನಡಿಯುತ್ತೆ, ಬ್ಯಾರನ್ (ಸೊಪ್ಪು ಬೇಯಿಸಿ ಹದ ಮಾಡೋ ಮನೆ) ಲೈಸೆನ್ಸ್ ಇಲ್ದೋರು ಇನ್ನೊಬ್ರ ಹೆಸರಲ್ಲಿ ಬೇಲ್ ಹಾಕ್ಸೋದು, ದಲ್ಲಾಳಿ ಮನೆ ಹತ್ರಾನೇ ಬಂದು ಕಮ್ಮಿಗೆ ಎತ್ಕೊಂಡು ಹೋಗೋದು, ತೂಕದಲ್ಲಿ ಹೊಡಿಯೋದು, ದುಡ್ಡು ನಾಳೆ ಅನ್ನೋದು, ಆ ನಾಳೆ ಬರದೇ ಇರೋದು. ಎರಡಕ್ಕೂ ನಮ್ಮ ಕಡೆ ವ್ಯಾಪಾರ ಅಂತಾನೇ ಅಂತಾರೆ. ಎರಡೂ ಒಂದೇ ಅಂತ ಮಾತ್ರ ಯಾವ ರೈತನೂ ಹೇಳಲ್ಲ.

ಗೇಮ್‌ನಲ್ಲೂ ಅಷ್ಟೇ, ಗೇಟಿನ ಒಳಗೆ ಹೊರಗೆ ಅಂತ ಇದೆ. ವರ್ಲ್ಡ್ ಆಫ್ ವಾರ್‌ಕ್ರಾಫ್ಟ್ ಅನ್ನೋ ಗೇಮ್‌ನಲ್ಲಿ ಆಕ್ಷನ್ ಹೌಸ್, ಅಂದ್ರೆ ಹರಾಜು ಕಟ್ಟೆ, ಅಂತಲೇ ಇದೆ, ಮಾಲು ಇಡಕ್ಕೆ ಡಿಪಾಸಿಟ್ ಕಟ್ಬೇಕು, ಮಾರಾಟ ಆದ್ರೆ ನೂರಕ್ಕೆ ಐದು ಕಡಿತ. ನಮ್ಮ ಮಂಡಿಯಲ್ಲಿ ಕಮಿಷನ್ ಕಡ್ಕೊಂಡ್ರೆ ಅದು ಯಾರದೋ ಜೇಬಿಗೆ ಹೋಗುತ್ತೆ, ಗೇಮ್‌ನಲ್ಲಿ ಆ ಐದು ಯಾರಿಗೂ ಹೋಗಲ್ಲ, ಸುಟ್ಟುಹೋಗುತ್ತೆ. ಯಾಕೆ ಅಂದ್ರೆ ಗೇಮ್‌ನಲ್ಲಿ ರಾಕ್ಷಸನ್ನ ಕೊಂದಾಗ ಬೀಳೋ ಕಾಸು ಯಾರ ಜೇಬಿಂದಲೂ ಬಂದಿದ್ದಲ್ಲ, ಅಲ್ಲೇ ಹುಟ್ಟಿದ್ದು, ಲಕ್ಷಾಂತರ ಜನ ಹಗಲೂ ರಾತ್ರಿ ರಾಕ್ಷಸರನ್ನ ಕೊಲ್ತಾನೇ ಇದ್ರೆ ಕಾಸು ಹುಟ್ತಾನೇ ಇರುತ್ತೆ, ಎಲ್ಲೋ ಒಂದು ಕಡೆ ಸುಡ್ದಿದ್ರೆ ಒಂದು ರೊಟ್ಟಿಗೆ ಒಂದು ಮೂಟೆ ಕಾಸು ಕೊಡೋ ಹಂಗಾಗುತ್ತೆ. ಹಳೇ ರೂನ್‌ಸ್ಕೇಪ್‌ನಲ್ಲೂ ಇದಕ್ಕೇ 2021ರಲ್ಲಿ ಮಂಡಿ ತೆರಿಗೆ ಹಾಕಿದ್ರು. ಈವ್ ಆನ್‌ಲೈನ್ ಅನ್ನೋ ಅಂತರಿಕ್ಷದ ಗೇಮ್ ಮಾಡಿದ ಐಸ್‌ಲ್ಯಾಂಡಿನ ಕಂಪನಿಯವರಂತೂ 2007ರಲ್ಲಿ ತಮ್ಮ ಗೇಮ್‌ನ ಮಾರ್ಕೆಟ್ ನೋಡ್ಕೊಳ್ಳಕ್ಕೆ ಅಂತಲೇ ಒಬ್ಬ ಎಕನಾಮಿಕ್ಸ್ ಡಾಕ್ಟರೇಟ್ ಆದೋರನ್ನ ಕೆಲಸಕ್ಕೆ ಇಟ್ಕೊಂಡ್ರು. ಆ ಗೇಮ್‌ನಲ್ಲಿ ಮಾಲು ಕೊಂಡ್ರೆ ಅದು ಕೊಂಡ ಜಾಗದಲ್ಲೇ ಇರುತ್ತೆ, ನೀವೇ ಹಡಗು ತಗೊಂಡು ಹೋಗಿ ಸಾಗಿಸ್ಕೊಂಡು ಬರ್ಬೇಕು, ದಾರೀಲಿ ದರೋಡೆಕೋರರು ಕಾಯ್ತಿರ್ತಾರೆ. ಟೆಂಪೋ ಬಾಡಿಗೆ ಲೆಕ್ಕ ಹಾಕಿ ಬೇಲ್ ಹೇರೋ ನಮ್ಮಪ್ಪನಿಗೆ ಇದನ್ನ ಹೇಳಿದಾಗ "ಅದು ಸರ್ಯಾಗೈತೆ ಬುಡು" ಅಂದ್ರು.

ಹಂಗಂತ ಒಳಗಿನದೆಲ್ಲ ಒಳ್ಳೇದು ಅಂತ ನಾನು ಹೇಳ್ತಿಲ್ಲ. ಡಯಾಬ್ಲೋ 3 ಅಂತ ಒಂದು ಗೇಮ್ 2012ರ ಮೇ ತಿಂಗಳಲ್ಲಿ ಬಂತು, ಮುಂದಿನ ತಿಂಗಳೇ ಅದರಲ್ಲಿ ನಿಜವಾದ ದುಡ್ಡಿನ ಆಕ್ಷನ್ ಹೌಸ್ ಶುರು ಮಾಡಿದ್ರು, ಡಾಲರ್‌ನಲ್ಲಿ ಕೊಳ್ಳೋದು ಮಾರೋದು, ಒಂದು ವಸ್ತುವಿಗೆ 250 ಡಾಲರ್ ತನಕ. ಗೇಮ್ ಕಾಸಿನ ಆಕ್ಷನ್ ಹೌಸ್ ಬೇರೆ ಇತ್ತು. ಆಗ ನಾನು ಬೆಂಗಳೂರಲ್ಲಿ ಕೆಲಸಕ್ಕೆ ಸೇರಿದ್ದೆ, ರೂಮ್‌ಮೇಟ್ ಒಬ್ಬ ಅದನ್ನ ಆಡೋನು. ಆಡೋನು ಅಂತ ಅಂತೀನಿ, ನಾನು ಯಾವಾಗ ನೋಡಿದ್ರೂ ಅವನು ರಾಕ್ಷಸನ ಮುಂದೆ ಇರ್ತಿರ್ಲಿಲ್ಲ, ಆಕ್ಷನ್ ಹೌಸ್ ಪುಟ ತೆಕ್ಕೊಂಡು ಸ್ಕ್ರೋಲ್ ಮಾಡ್ತಾ ಇರ್ತಿದ್ದ, ಷೇರು ಮಾರ್ಕೆಟ್ ನೋಡೋರ ಹಂಗೆ. ರಾಕ್ಷಸನ್ನ ಕೊಂದು ಒಳ್ಳೇ ಕತ್ತಿ ಬೀಳ್ಲಿ ಅಂತ ಕಾಯೋದೇ ಆ ಗೇಮ್‌ನ ಮಜಾ, ಅದೇ ಕತ್ತಿ ಅಂಗಡೀಲಿ ಸಿಗೋದಾದ್ರೆ ಕೊಲ್ಲೋದ್ಯಾಕೆ. ಕೊನೆಗೆ ಕಂಪನಿಯವರಿಗೇ ಗೊತ್ತಾಯ್ತು, ಇದು ಆಟದ ಬುಡಕ್ಕೇ ಏಟು ಅಂತ, 2014ರ ಮಾರ್ಚ್ 18ಕ್ಕೆ ಎರಡೂ ಆಕ್ಷನ್ ಹೌಸ್ ಬಾಗಿಲು ಹಾಕಿದ್ರು. ಇಷ್ಟು ದೊಡ್ಡ ಕಂಪನಿ ತಾನೇ ಕಟ್ಟಿದ ಮಂಡಿಯನ್ನ ಎರಡು ವರ್ಷ ತುಂಬೋ ಮುಂಚೆ ತಾನೇ ಕಿತ್ತು ಹಾಕಿದ್ದು ಸಣ್ಣ ವಿಷಯ ಅಲ್ಲ.

ಪೂರ್ತಿ ಮುಚ್ಚಿದ್ರೆ ಏನಾಗುತ್ತೆ ಅನ್ನೋದಕ್ಕೂ ಉದಾಹರಣೆ ಇದೆ, ಮತ್ತೆ ರೂನ್‌ಸ್ಕೇಪೇ. ಹೊರಗಡೆ ನಿಜವಾದ ದುಡ್ಡಿಗೆ ಗೇಮ್ ಕಾಸು ಮಾರೋ ಗ್ಯಾಂಗ್‌ಗಳು ಕದ್ದ ಕ್ರೆಡಿಟ್ ಕಾರ್ಡ್‌ನಲ್ಲಿ ಮೆಂಬರ್‌ಶಿಪ್ ತಗೊಂಡು ತಲೆನೋವಾಗಿದ್ರು ಅಂತ, 2008ರ ಜನವರಿಯಿಂದ ಒಬ್ಬ ಇನ್ನೊಬ್ಬನಿಗೆ ಏನಾದ್ರೂ ಕೊಟ್ರೆ ಎರಡೂ ಕಡೆ ಬೆಲೆ ಹೆಚ್ಚೂ ಕಮ್ಮಿ ಸಮ ಇರ್ಲೇಬೇಕು ಅಂತ ರೂಲ್ ಮಾಡಿದ್ರು. ಸ್ನೇಹಿತನಿಗೆ ಒಂದು ಕತ್ತಿ ಸುಮ್ನೆ ಕೊಡೋ ಹಂಗಿಲ್ಲ. ಹಾಸ್ಟೆಲ್‌ನಲ್ಲಿ ಪಕ್ಕದ ರೂಮಿನವನಿಗೆ ಸಾಲ ಕೊಡೋ ಹಂಗೂ ಇಲ್ಲ. ಕಳ್ಳರನ್ನ ಹಿಡಿಯಕ್ಕೆ ಹೋಗಿ ಊರಿಗೇ ಬೀಗ ಜಡಿದ ಹಂಗಾಯ್ತು, ಎಷ್ಟೋ ಜನ ಬಿಟ್ಟೇ ಹೋದ್ರು, ನಾನೂ ಹೋದೆ. ಕೊನೆಗೆ ಆಟಗಾರರ ಹತ್ರ ವೋಟ್ ಹಾಕ್ಸಿ 2011ರ ಫೆಬ್ರವರಿ 1ಕ್ಕೆ ಮುಕ್ತ ವ್ಯಾಪಾರ ವಾಪಸ್ ತಂದ್ರು.

ಇನ್ನು ಕೌಂಟರ್ ಸ್ಟ್ರೈಕ್ ಅನ್ನೋ ಬಂದೂಕಿನ ಗೇಮ್. ಅದರಲ್ಲಿ ಬಂದೂಕಿಗೆ ಹಚ್ಚೋ ಬಣ್ಣ, ಅವರು ಸ್ಕಿನ್ ಅಂತಾರೆ, 2013ರಲ್ಲಿ ಶುರುವಾಗಿದ್ದು. ಆ ಗೇಮ್ ಕಂಪನಿಯದೇ ಆನ್‌ಲೈನ್ ಅಂಗಡಿ ಸ್ಟೀಮ್, ಅದರ ಮಾರ್ಕೆಟ್‌ನಲ್ಲಿ ಮಾರಿದ್ರೆ ಎಲ್ಲ ಸೇರಿ ನೂರಕ್ಕೆ ಹದಿನೈದರ ಲೆಕ್ಕದಲ್ಲಿ ಕಂಪನಿಗೆ, ಉಳಿದಿದ್ದು ಸ್ಟೀಮ್ ವ್ಯಾಲೆಟ್‌ನಲ್ಲೇ ಇರುತ್ತೆ, ಬ್ಯಾಂಕಿಗೆ ಬರಲ್ಲ. ಬ್ಯಾಂಕಿಗೆ ಬರಲ್ಲ ಅನ್ನೋ ಒಂದೇ ಕಾರಣಕ್ಕೆ ಹೊರಗಡೆ ದೊಡ್ಡ ಸಂತೆನೇ ಬೆಳ್ಕೊಂಡಿದೆ. 2025ರ ಅಕ್ಟೋಬರ್‌ನಲ್ಲಿ, ನಮ್ಮ ದೀಪಾವಳಿ ವಾರ, ಕಂಪನಿ ಒಂದು ಅಪ್‌ಡೇಟ್ ಬಿಟ್ಟು ಐದು ಕೆಂಪು ದರ್ಜೆ ಸ್ಕಿನ್ ಕೊಟ್ರೆ ಚಾಕು ಸಿಗೋ ಹಂಗೆ ಮಾಡ್ತು, ಅಲ್ಲಿವರೆಗೂ ಚಾಕು ಅಪರೂಪದ ಮಾಲು, ಒಂದೇ ರಾತ್ರೀಲಿ ಚಾಕು ರೇಟು ದಬಕ್ಕನೆ ಬಿತ್ತು, ಕೆಂಪು ಸ್ಕಿನ್ ರೇಟು ಏರ್ತು. ನ್ಯೂಯಾರ್ಕ್‌ನಲ್ಲಿ ಅರೇಬಿಕಾ ಬಿದ್ರೆ ಮೂಡಿಗೆರೆ ಸಕಲೇಶಪುರದಲ್ಲಿ ಮುಖ ಸಣ್ಣ ಆಗುತ್ತಲ್ಲ, ಹಂಗೆ. ಕಾಫಿಯಲ್ಲಾದ್ರೂ ಬ್ರೆಜಿಲ್‌ನಲ್ಲಿ ಮಳೆ ಬಂತು ಅಂತ ಒಂದು ಕಾರಣ ಇರುತ್ತೆ, ಇಲ್ಲಿ ಆಫೀಸಲ್ಲಿ ಕೂತೋನು ಒಂದು ಸಾಲು ಬದಲಾಯಿಸಿದ, ಅಷ್ಟೇ. ಸ್ಕಿನ್ ಅಂದ್ರೆ ಇನ್ವೆಸ್ಟ್‌ಮೆಂಟ್ ಅಂತ ಯೂಟ್ಯೂಬ್‌ನಲ್ಲಿ ಬಾಯಿ ಬಡ್ಕೊಳ್ಳೋರ ಮಾತು ಕೇಳೋ ಹುಡುಗರಿಗೆ ಇದನ್ನ ಯಾರಾದ್ರೂ ಹೇಳ್ಬೇಕು.

ಈಗ ನಮ್ಮ ಹುಡುಗನ ವಿಷಯ. ಅಕ್ಕನ ಮಗ, ಸೆಕೆಂಡ್ ಪಿಯು, ಹಾಸನದಲ್ಲೇ ಓದ್ತಿದ್ದಾನೆ. ಅವನು ಆಡೋದು ಮೊಬೈಲ್‌ನಲ್ಲಿ ಒಂದು ಬಂದೂಕಿನ ಆಟ, ಹೆಸರು ಬೇಡ. ಅದರಲ್ಲಿ ಆಟಗಾರರು ಒಬ್ರಿಗೊಬ್ರು ಏನೂ ಮಾರೋ ಹಂಗಿಲ್ಲ, ಮಂಡಿನೇ ಇಲ್ಲ, ಕಂಪನಿ ಮಾರಿದ್ದನ್ನ ಕೊಳ್ಬೇಕು ಅಷ್ಟೇ. ಮಂಡಿ ಇಲ್ಲ ಅಂದ್ರೆ ವ್ಯಾಪಾರ ಇಲ್ಲ ಅಂತ ಅನ್ಕೊಂಡ್ರಾ? ಹುಡುಗರು ಇಡೀ ಅಕೌಂಟನ್ನೇ ಮಾರ್ತಾರೆ, ಐಡಿ ಅಂತಾರೆ, "ಒಳ್ಳೇ ಐಡಿ ಇದೆ, ಇಂಥಿಂಥ ಗನ್ ಮ್ಯಾಕ್ಸ್ ಆಗಿದೆ" ಅಂತ ಟೆಲಿಗ್ರಾಂ ಗ್ರೂಪ್‌ನಲ್ಲಿ ಸ್ಕ್ರೀನ್‌ಶಾಟ್ ಹಾಕ್ತಾರೆ. ಇವನು ತಾತ ಕೊಟ್ಟ ದುಡ್ಡು, ಹಬ್ಬದ ದುಡ್ಡು, ಬಸ್ ಪಾಸ್ ಇದ್ರೂ ಇಲ್ಲ ಅಂತ ಇಸ್ಕೊಂಡ ದುಡ್ಡು ಎಲ್ಲ ಸೇರ್ಸಿ 7,500 ರೂಪಾಯಿಗೆ ಒಂದು ಐಡಿ ತಗೊಂಡ. ಮೋಸ ಆಗ್ಬಾರ್ದು ಅಂತ ಮಧ್ಯದಲ್ಲಿ ಒಬ್ಬ ಮಿಡಲ್‌ಮ್ಯಾನ್ ಬೇರೆ, ಅವನಿಗೆ 300 ರೂಪಾಯಿ. ನೋಡಿ, ಮಂಡಿ ಮಾಡ್ಬೇಕಾದ ಕೆಲಸ ಏನು ಅಂತ ಆ ಹುಡುಗನಿಗೂ ಗೊತ್ತಿತ್ತು, ಕಾಸೂ ಮಾಲೂ ಹಿಡ್ಕೊಳ್ಳೋ ಮೂರನೇ ಕೈ ಬೇಕು ಅಂತ. ಆದ್ರೆ ಆ ಮೂರನೇ ಕೈ ಮಾರೋನದ್ದೇ ಎರಡನೇ ಕೈ ಆಗಿತ್ತು. ಇಬ್ರೂ ಒಬ್ನೇ, ಸಿಮ್ ಮಾತ್ರ ಬೇರೆ.

ಒಂಬತ್ತು ದಿನ ಐಡಿ ಚೆನ್ನಾಗಿ ನಡೀತು. ಹತ್ತನೇ ದಿನ ರಾತ್ರಿ ಆಡ್ತಾ ಇದ್ದಂಗೇ ಲಾಗೌಟ್. ಪಾಸ್‌ವರ್ಡ್ ಬದಲಾಗಿದೆ. ಮಾರಿದೋನು ಮೊದಲು ಲಿಂಕ್ ಮಾಡಿದ್ದ ಅವನ ಸೋಷಿಯಲ್ ಮೀಡಿಯಾ ಅಕೌಂಟ್‌ನಿಂದ ವಾಪಸ್ ಎಳ್ಕೊಂಡಿದ್ದ, ಇನ್ನೊಬ್ಬನಿಗೆ ಮಾರಕ್ಕೆ. ಟೆಲಿಗ್ರಾಂನಲ್ಲಿ ಬ್ಲಾಕ್. ಕಂಪನಿಗೆ ಮೇಲ್ ಹಾಕಿದ್ರೆ ಅಕೌಂಟ್ ಮಾರೋದು ಕೊಳ್ಳೋದು ನಿಯಮಕ್ಕೆ ವಿರುದ್ಧ, ಏನೂ ಮಾಡಕ್ಕಾಗಲ್ಲ ಅಂತ ಎರಡು ಸಾಲು ಉತ್ತರ. ಅವರ ಪ್ರಕಾರ ಸರಿನೇ, ನಿಯಮ ಹಂಗೇ ಇದೆ, ಆದ್ರೆ ಆ ನಿಯಮ ಇಂಗ್ಲಿಷ್‌ನಲ್ಲಿ ಮಾರುದ್ದ ಇದೆ, ಹದಿನೇಳು ವರ್ಷದೋನು ಓದ್ತಾನಾ, ನೀವು ಓದ್ತೀರಾ, ನಾನಂತೂ ಓದಿಲ್ಲ.

ಹುಡುಗ ಮನೇಲಿ ಹೇಳ್ಲಿಲ್ಲ. ಐದು ದಿನ ಆದ್ಮೇಲೆ ನನಗೆ ಫೋನ್ ಮಾಡಿ "ಮಾವ, ಅಮ್ಮನಿಗೆ ಹೇಳ್ಬೇಡ" ಅಂತ ಶುರು ಮಾಡಿದ. ತಕ್ಷಣ 1930ಕ್ಕೆ, ಆನ್‌ಲೈನ್‌ನಲ್ಲಿ ದುಡ್ಡು ಮೋಸ ಆದ್ರೆ ದೂರು ಕೊಡೋ ಸೈಬರ್ ಸಹಾಯವಾಣಿ ಅದು, ಫೋನ್ ಮಾಡ್ಸಿದೆ, ಕಂಪ್ಲೇಂಟ್ ನಂಬರ್ ಏನೋ ಕೊಟ್ರು, ಆದ್ರೆ ದುಡ್ಡು ಅಷ್ಟೊತ್ತಿಗೆ ಎಲ್ಲೆಲ್ಲೋ ಹೋಗಿತ್ತು, ಅದು ಗಂಟೆ ಲೆಕ್ಕದಲ್ಲಿ ಹೇಳ್ಬೇಕಾದ ವಿಷಯ, ಇವನು ದಿನಗಟ್ಟಲೆ ಬಾಯಿ ಮುಚ್ಕೊಂಡಿದ್ದ. ಆಮೇಲೆ ಸ್ಟೇಷನ್‌ಗೂ ಹೋದ್ವಿ. ಅಲ್ಲೊಂದು ತಮಾಷೆ, ಏನಪ್ಪ ಹೋಗಿದ್ದು ಅಂತ ಕೇಳಿದ್ದಕ್ಕೆ ಇವನು ತಲೆ ಬಗ್ಗಿಸ್ಕೊಂಡು "ಎರಡು ಗನ್ ಸಾರ್" ಅಂದುಬಿಟ್ಟ, ಬರ್ಕೊಳ್ತಿದ್ದೋರು ಪೆನ್ ಬಿಟ್ಟು ನನ್ನ ಮುಖ ನೋಡಿದ್ರು. ಅರ್ಥ ಮಾಡ್ಸಕ್ಕೆ ಹತ್ತು ನಿಮಿಷ ಆಯ್ತು. ಅರ್ಥ ಆದ್ಮೇಲೆ "ಗೇಮ್‌ಗೆಲ್ಲ ಕೇಸ್ ಮಾಡ್ತಾ ಕೂತ್ರೆ ಹೆಂಗೆ, ಓದ್ಕೋ ಹೋಗೋ" ಅಂತ ಬೈದು ಕಳ್ಸಿದ್ರು. ಹೋಗಿದ್ದು ಗೇಮ್ ಅಲ್ಲ ಸ್ವಾಮಿ, 7,800 ರೂಪಾಯಿ, ಯುಪಿಐನಲ್ಲಿ ಹೋಗಿರೋ ನಿಜವಾದ ರೂಪಾಯಿ. ಆಲೂಗಡ್ಡೆ ಬಿತ್ತನೆ ಬೀಜ ಅಂತ ಹೇಳಿ ಕೊಳೆತದ್ದು ಕೊಟ್ರೆ ಅದು ಮೋಸ ಆಗುತ್ತೆ ಅಂದ್ರೆ, ಇದೂ ಮೋಸ.

ನಿಮ್ಮ ಬರಹದ ಮೇಲೆ ನನಗೆ ಸಿಟ್ಟು ಬಂದಿದ್ದು ಇದಕ್ಕೇ. ಎಲ್ಲದನ್ನೂ ಜೂಜು ಅಂದುಬಿಟ್ರೆ ಮೋಸ ಹೋದ ಹುಡುಗನೂ ಜೂಜುಕೋರ ಆಗ್ತಾನೆ. ಅಮ್ಮನಿಗೆ ಹೇಳ್ಬೇಡ ಅಂದಿದ್ದು ಯಾಕೆ ಅಂದ್ಕೊಂಡ್ರಿ? ಅವರಮ್ಮ, ಅಂದ್ರೆ ನಮ್ಮಕ್ಕ, ಇಂಥದ್ದೇ ಯಾವುದೋ ಸುದ್ದಿ ಓದಿ "ನಮ್ಮನೇಲಿ ಯಾರಾದ್ರೂ ಜೂಜಾಡಿದ್ರೆ ಕಾಲು ಮುರೀತೀನಿ" ಅಂತ ಮುಂಚೆನೇ ಹೇಳಿಟ್ಟಿದ್ಲು. ಆ ಐದು ದಿನ ಹೋಗಿದ್ದು ಆ ಮಾತಿಂದ. ಅಪ್ಪ ಅಮ್ಮಂದಿರು ಗೇಮ್ ಅಂದ ತಕ್ಷಣ ಮೊಬೈಲ್ ಕಿತ್ಕೊಳ್ಳೋ ಬದಲು ಒಂದೇ ಒಂದು ಮಾತು ಕೇಳಿದ್ರೆ ಸಾಕು, ತಗೊಂಡಿದ್ದು ಗೇಮ್ ಒಳಗಾ ಹೊರಗಾ ಅಂತ. ಒಳಗೆ ಅಂದ್ರೆ ಎಷ್ಟು ಖರ್ಚು ಮಾಡ್ದೆ ಅಂತ ಬೈಬಹುದು, ನಿಧಾನಕ್ಕೆ ಬೈಬಹುದು. ಹೊರಗೆ, ಟೆಲಿಗ್ರಾಂ, ವಾಟ್ಸಾಪ್, ಯಾರೋ ಅಣ್ಣ ಅಂದ್ರೆ ಬೈಯೋದು ಆಮೇಲಿಟ್ಕೊಂಡು ಮೊದಲು 1930 ಒತ್ಬೇಕು.

ಗೇಮ್ ಕಂಪನಿಯವರು ಕನ್ನಡ ಪೇಪರ್ ಓದಲ್ಲ ಅಂತ ಗೊತ್ತು, ಆದ್ರೂ ಬರೀತೀನಿ, ಒಂದು ಸಣ್ಣ ಮಂಡಿ ಮಾಡಿ, ಡಾಲರ್ ರೂಪಾಯಿ ಬೇಡ, ಗೇಮ್ ಕಾಸಿನದ್ದೇ ಸಾಕು, ಕಡಿತ ಹಾಕಿ, ರೇಟು ಎಲ್ರಿಗೂ ಕಾಣೋ ಹಂಗೆ ಇಡಿ. ಟೆಲಿಗ್ರಾಂ ದಲ್ಲಾಳಿಗಳ ಅರ್ಧ ಗಿರಾಕಿ ಅಲ್ಲೇ ಕಮ್ಮಿ ಆಗ್ತಾರೆ. ಎಲ್ರೂ ಕಮ್ಮಿ ಆಗಲ್ಲ, ತಂಬಾಕು ಮಂಡಳಿ ಮಾರ್ಕೆಟ್ ಇದ್ರೂ ನಮ್ಮೂರಿಗೆ ದಲ್ಲಾಳಿ ಬರೋದು ನಿಂತಿಲ್ವಲ್ಲ.

ಹುಡುಗನ್ನ ಹೋದ ವಾರ ನಮ್ಮಪ್ಪ ರಾಮನಾಥಪುರಕ್ಕೆ ಬೇಲ್ ಜೊತೆ ಕರ್ಕೊಂಡು ಹೋಗಿದ್ರು, ಶಿಕ್ಷೆ ಅಂತಲೋ ಸಮಾಧಾನಕ್ಕೋ ಗೊತ್ತಿಲ್ಲ. ಎರಡು ಬೇಲ್‌ಗೆ ರೇಟು ಹಿಡಿಸ್ಲಿಲ್ಲ ಅಂತ ಅಪ್ಪ ವಾಪಸ್ ತಗೊಳ್ಳಕ್ಕೆ ಹೋದಾಗ ಇವನು "ತಾತ, ನಿನ್ನೆ ಇದೇ ಗ್ರೇಡ್ ಎಷ್ಟಕ್ಕೆ ಹೋಗಿದೆ ಮೊದಲು ಕೇಳು" ಅಂದನಂತೆ. ಕೇಳಿದ್ರೆ ನಿನ್ನೆದು ಇನ್ನೂ ಕಮ್ಮಿ. ಅಪ್ಪ ಮಾರಿ ಬಂದ್ರು, ಮಾರಿದ್ದು ತಾನೇ ಯೋಚ್ನೆ ಮಾಡಿ ಅಂತ ಎಲ್ರಿಗೂ ಹೇಳ್ಕೊಂಡು ಓಡಾಡ್ತಿದ್ದಾರೆ.

ಪತ್ರ ಹಾಕೋದಾದ್ರೆ ನನ್ನ ಹೆಸರು ಹಾಕ್ಬೇಡಿ, ಹುಡುಗನಿಗೆ ಕಾಲೇಜಲ್ಲಿ ರೇಗಿಸ್ತಾರೆ. 1930 ಅನ್ನೋದನ್ನ ದಪ್ಪಕ್ಷರದಲ್ಲಿ ಹಾಕಿ. ಮತ್ತೆ ರಾಮನಾಥಪುರ ಅಂತ ಸರಿಯಾಗಿ ಅಚ್ಚು ಮಾಡಿ, ಹಿಂದೊಂದ್ಸಲ ನಿಮ್ಮಲ್ಲಿ ತಂಬಾಕು ರೇಟಿನ ಸುದ್ದೀಲಿ ರಾಮನಗರ ಅಂತ ಬಂದಿತ್ತಂತೆ, ನಮ್ಮಪ್ಪ ಅದನ್ನ ಇನ್ನೂ ಮರ್ತಿಲ್ಲ.

ಇಂತಿ,
ನಿಮ್ಮ ಹಳೇ ಓದುಗ,
ಅರಕಲಗೂಡು ತಾಲೂಕು, ಹಾಸನ ಜಿಲ್ಲೆ